ಮೈತ್ರಿ ಎಂದರೆ ರಾಜಿಯೇ?



*ಇಂದಿನ ಧಮ್ಮ ಚಿಂತನೆ*

ವಿಜಯನಗರದ ನಮ್ಮ ಅಧ್ಯಯನ ಬಳಗದಲ್ಲಿ ಆಗಾಗ ಏಳುವ ಪ್ರಶ್ನೆ: ಕೇರಿಗೆ ಬೆಂಕಿ ಇಟ್ಟವರ ಮೇಲೂ ಮೈತ್ರಿ ಇರಬೇಕೆ? ಇರಬೇಕು ಎಂದೇ ನನ್ನ ಉತ್ತರ. ಆದರೆ ಮೈತ್ರಿ ಬೇರೆ, ರಾಜಿ ಬೇರೆ.

ಕಂಬಾಲಪಲ್ಲಿಯನ್ನು ನೆನೆಯೋಣ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ ನಮ್ಮ ಏಳು ಜನರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಕೋರ್ಟಿನಲ್ಲಿ ಹೇಳಿಕೆ ಬದಲಿಸಿದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಸತ್ತವರು ಏಳು ಜನ. ಕಾಗದದ ಮೇಲೆ ಕೊಂದವರು ಯಾರೂ ಇಲ್ಲ. ಇದನ್ನು ಶಾಂತಿ ಎನ್ನಲಾದೀತೆ?

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿಗೂ ಹೋಟೆಲಿಗೂ ನಮ್ಮವರನ್ನು ಬಿಡುತ್ತಿರಲಿಲ್ಲ. 2014ರ ಆಗಸ್ಟ್‌ನಲ್ಲಿ ಕೇರಿಯ ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕೇಸು ನಡೆಯಿತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು. ಆದರೂ ನಡೆದದ್ದು ನಡೆದಿದೆ ಎಂದು ಒಂದು ನ್ಯಾಯಾಲಯ ಬರೆದಿಟ್ಟಿತು.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ರೋಹಿಣಿ ನದಿಯ ನೀರಿನ ಜಗಳವನ್ನು ಹೇಳುತ್ತಾರೆ. ಕೋಲಿಯರ ಮೇಲೆ ಯುದ್ಧಕ್ಕೆ ಹೊರಟ ಶಾಕ್ಯರನ್ನು ಸಿದ್ಧಾರ್ಥ ವಿರೋಧಿಸಿದ. ಆದರೆ 'ಆಗಿದ್ದು ಆಯ್ತು, ಬಿಡಿ' ಎನ್ನಲಿಲ್ಲ. ತಪ್ಪು ಯಾರದೆಂದು ಮೊದಲು ವಿಚಾರಣೆ ಆಗಲಿ ಎಂದ. ಎರಡೂ ಕಡೆಯಿಂದ ಇಬ್ಬಿಬ್ಬರು, ಆ ನಾಲ್ವರು ಆರಿಸಿದ ಐದನೆಯವರು, ಇವರು ಕೂತು ತೀರ್ಮಾನಿಸಲಿ ಎಂದ. ವೈರ ಬಿಡುವ ದಾರಿ ಸತ್ಯದ ಮೂಲಕವೇ ಹೋಗುತ್ತದೆ.

ಪಂಚಶೀಲವೂ ಇದನ್ನೇ ಕಲಿಸುತ್ತದೆ. ಮೊದಲ ಶೀಲ ನಮ್ಮ ಕೈ ಕಟ್ಟುತ್ತದೆ: ಸೇಡಿಗೆ ಬೆಂಕಿ ಇಡುವಂತಿಲ್ಲ. ನಾಲ್ಕನೆಯ ಶೀಲ ಸುಳ್ಳನ್ನು ತಡೆಯುತ್ತದೆ: 'ಏನೂ ನಡೆದೇ ಇಲ್ಲ' ಎಂದು ಹೇಳುವಂತಿಲ್ಲ. ಇವೆರಡರ ನಡುವೆ ಉಳಿಯುವ ದಾರಿ, ದ್ವೇಷವಿಲ್ಲದೆ ನಿಜ ಹೇಳುವುದು. ಹೆದರಿ ಮಾತು ಬದಲಿಸಿದವರನ್ನು ನಾನು ದೂರಲಾರೆ. ದೋಷ ಹೆದರಿಸಿದವರದು, ಅವರನ್ನು ಒಂಟಿಯಾಗಿ ಬಿಟ್ಟವರದು.

ಕೆಂಗೇರಿಯಲ್ಲೋ ರಾಜಾಜಿನಗರದಲ್ಲೋ ಬಾಗಿಲು ಹಾಕಿ ನಿಶ್ಚಿಂತೆಯಿಂದ ಮಲಗುವ ನಾವು ಊರಿನವರಿಗೆ 'ಕ್ಷಮಿಸಿಬಿಡಿ' ಎನ್ನುವುದು ಸುಲಭ. ಅದರ ಬದಲು ವಾಯಿದೆಯ ದಿನ ಅವರ ಜೊತೆ ಕೋರ್ಟಿನ ಮೆಟ್ಟಿಲು ಹತ್ತೋಣ. ಸಂತ್ರಸ್ತರಿಗೂ ಸಾಕ್ಷಿಗಳಿಗೂ ಪ್ರಯಾಣದ ಖರ್ಚು ಕೊಡಬೇಕೆಂದು 1989ರ ದೌರ್ಜನ್ಯ ತಡೆ ಕಾಯ್ದೆಯೇ ಹೇಳುತ್ತದೆ. ಅದನ್ನು ಅವರಿಗೆ ತಿಳಿಸಿ, ಅರ್ಜಿ ಬರೆದುಕೊಡೋಣ. ಅದೂ ಮೈತ್ರಿ ಭಾವನೆಯೇ.

ಜೈ ಭೀಮ್ 💙