ಕೇಳಿದ್ದೊಂದು, ಹಾಡಿದ್ದೊಂದು

ಸೋಲೋ ನುಡಿಸೋ ಮೊದಲು ಕಾಗದ, ಪೆನ್ಸಿಲ್ ಹಿಡಿದು ಕೂರುವ ಜಾಝ್ ಕಲಾವಿದ ನಮಗೆ ಮೋಸ ಮಾಡ್ತಿದ್ದಾನಾ? ನಾವು ದುಡ್ಡು ಕೊಟ್ಟು ಬಂದಿರೋದು ಆ ಕ್ಷಣದಲ್ಲಿ ಹುಟ್ಟುವ ಸಂಗೀತ ಕೇಳೋಕೆ. ಆದರೆ ಆತ ಯಾವ ಕಾರ್ಡ್ ಮೇಲೆ ಯಾವ ಸ್ವರ, ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅಂತ ಮನೆಯಲ್ಲೇ ಲೆಕ್ಕ ಹಾಕಿಕೊಂಡು ಬಂದಿದ್ದಾನೆ. ಹಾಗಾದರೆ ಅದು ಆಶುಸಂಗೀತವೋ, ಆಶುವಿನ ನಾಟಕವೋ?

ಆ ಕಾಗದದಲ್ಲಿ ಏನಿರುತ್ತೆ ಅಂತ ಮೊದಲು ನೋಡೋಣ. ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು. ಜಾಝ್‌ನಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಸರಣಿ ಹೀಗಿದೆ: ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್. ಪ್ರತಿ ಕಾರ್ಡಿನ ಗುಣ ಅಡಗಿರೋದು ಅದರ ಮೂರನೇ ಮತ್ತು ಏಳನೇ ಸ್ವರದಲ್ಲಿ. ಡಿ ಮೈನರ್‌ನಲ್ಲಿ ಅವು ಎಫ್ ಮತ್ತು ಸಿ. ಜಿ ಸೆವೆನ್ ಬಂದಾಗ ಎಫ್ ಇದ್ದಲ್ಲೇ ಇರುತ್ತೆ, ಸಿ ಅರ್ಧ ಮೆಟ್ಟಿಲು ಇಳಿದು ಬಿ ಆಗುತ್ತೆ. ಕೊನೆಯ ಕಾರ್ಡಿಗೆ ಬಂದಾಗ ಬಿ ನಿಲ್ಲುತ್ತೆ, ಎಫ್ ಅರ್ಧ ಮೆಟ್ಟಿಲು ಇಳಿದು ಇ ಆಗುತ್ತೆ. ಮೂರು ಕಾರ್ಡ್ ದಾಟೋಕೆ ಎರಡೇ ಸಣ್ಣ ಹೆಜ್ಜೆ. ಇದನ್ನು ಗುರುತು ಮಾಡಿಕೊಂಡವನಿಗೆ ಏನು ನುಡಿಸಬೇಕು ಅನ್ನೋದು ಇನ್ನೂ ಗೊತ್ತಿಲ್ಲ. ದಾರಿ ಎಲ್ಲಿ ತಿರುಗುತ್ತೆ ಅನ್ನೋದು ಮಾತ್ರ ಗೊತ್ತು.

ದಾರಿ ಗೊತ್ತಿಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೂ ದಾಖಲೆ ಇದೆ. 1959ರಲ್ಲಿ ಜಾನ್ ಕೋಲ್ಟ್ರೇನ್ 'ಜೈಂಟ್ ಸ್ಟೆಪ್ಸ್' ರೆಕಾರ್ಡ್ ಮಾಡಿದರು. ಬಿ, ಜಿ, ಇ ಫ್ಲ್ಯಾಟ್ ಅಂತ ಮೂರು ಶ್ರುತಿಗಳ ನಡುವೆ ಆ ಕೃತಿ ಭಾರೀ ವೇಗದಲ್ಲಿ ಸುತ್ತುತ್ತೆ. ಕೋಲ್ಟ್ರೇನ್ ಅದನ್ನು ಅರೆದು ಕುಡಿದಿದ್ದರು. ನಾಲ್ಕು ಸ್ವರಗಳ ಅದೇ ಅಚ್ಚುಗಳು ಅವರ ಸೋಲೋದಲ್ಲಿ ಮತ್ತೆ ಮತ್ತೆ ಬರುತ್ತವೆ. ಪಿಯಾನೋದಲ್ಲಿದ್ದ ಟಾಮಿ ಫ್ಲ್ಯಾನಗನ್ ದೊಡ್ಡ ಕಲಾವಿದರೇ. ಆದರೆ ಅವರ ಸೋಲೋ ಸರದಿ ಬಂದಾಗ ಬೆರಳು ತಡವರಿಸುತ್ತೆ, ಸಾಲು ತುಂಡಾಗುತ್ತೆ, ಕೊನೆಗೆ ಬರೀ ಕಾರ್ಡ್ ಒತ್ತುತ್ತಾ ದಾಟುತ್ತಾರೆ. 1982ರಲ್ಲಿ ಕೋಲ್ಟ್ರೇನ್ ನೆನಪಿಗೆ ಮಾಡಿದ ಆಲ್ಬಮ್‌ನಲ್ಲಿ ಇದೇ ಕೃತಿಯನ್ನು ಫ್ಲ್ಯಾನಗನ್ ಸಲೀಸಾಗಿ ನುಡಿಸಿದ್ದಾರೆ.

ಹಾಗಾದರೆ ಇವುಗಳಲ್ಲಿ ಪ್ರಾಮಾಣಿಕವಾದದ್ದು ಯಾವುದು? 1959ರ ತಡವರಿಕೆ ಅಂತ ಹೇಳೋಕೆ ನಮ್ಮ ಪೀಳಿಗೆಗೆ ಇಷ್ಟ. "ನಾನು ಮನಸ್ಸಿಗೆ ಬಂದದ್ದನ್ನ ಹೇಳಿಬಿಡ್ತೀನಿ" ಅನ್ನೋದು ನಮ್ಮಲ್ಲಿ ಒಂದು ಬಿರುದು. ಆದರೆ ತಯಾರಿ ಇಲ್ಲದ ಬಾಯಿಗೆ, ತಯಾರಿ ಇಲ್ಲದ ಬೆರಳಿಗೆ ಮೊದಲು ಬರೋದು ಹೊಸದೇನಲ್ಲ, ರೂಢಿ. ಹತ್ತು ಸಲ ನುಡಿಸಿದ್ದನ್ನೇ ಬೆರಳು ಹನ್ನೊಂದನೇ ಸಲವೂ ನುಡಿಸುತ್ತೆ. ಯಾರೋ ಹೇಳಿದ್ದು ನಮ್ಮ ಬಾಯಲ್ಲಿ ನಮ್ಮ ಮಾತಿನ ಹಾಗೆ ಬರುತ್ತೆ. ಅದಕ್ಕೂ ಒಂದು ಪ್ಲಾನ್ ಇದೆ, ನಾವು ಹಾಕಿದ ಪ್ಲಾನ್ ಅಲ್ಲ ಅಷ್ಟೇ.

ಈ ತಕರಾರು ಅಮೆರಿಕದವರಿಗೆ ಮಾತ್ರ ಸೇರಿದ್ದಲ್ಲ. ಯಾದಗಿರಿ, ಶಹಾಪುರ, ಸುರಪುರದ ಕಡೆ ಬೆಳೆದ ನಮಗೆ ಇದರ ತೀರ್ಪು ಜಾತ್ರೆಯಲ್ಲೇ ಸಿಕ್ಕಿದೆ. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಹಾಡಿಕೆ ಕೇಳಿದವರಿಗೆ ಗೊತ್ತಿರುತ್ತೆ. ಹರದೇಶಿಯವರು ಶಿವ ಹೆಚ್ಚು ಅಂತಾರೆ, ನಾಗೇಶಿಯವರು ಶಕ್ತಿ ಹೆಚ್ಚು ಅಂತಾರೆ. ದಪ್ಪು, ತುಂತುಣಿ, ತಾಳ ಹಿಡಿದು ರಾತ್ರಿಯಿಡೀ ಹಾಡಿನಲ್ಲೇ ಸವಾಲು, ಹಾಡಿನಲ್ಲೇ ಜವಾಬು. ಇವರು ಬರಿಗೈಯಲ್ಲಿ ಬಂದವರಲ್ಲ. ಪುರಾಣ, ವಂಶಾವಳಿ, ಒಗಟು, ಪ್ರಾಸ ಎಲ್ಲ ವರ್ಷಗಟ್ಟಲೆ ಗುರುವಿನ ಹತ್ತಿರ ಕೂತು ಬಾಯಿಪಾಠ ಮಾಡಿದ್ದು. ಅದರ ಬಗ್ಗೆ ಜನ ತಕರಾರು ತೆಗೆಯೋದಿಲ್ಲ. ತಕರಾರು ಬರೋದು ಎದುರಿನವರು ಕೇಳಿದ ಪ್ರಶ್ನೆ ಬಿಟ್ಟು ತನಗೆ ಚೆನ್ನಾಗಿ ಬರೋ ಪದ ಶುರು ಮಾಡಿದಾಗ. ಆಗ ಮುಂದೆ ಕೂತ ಹಿರಿಯರೇ ಕೂಗ್ತಾರೆ: "ಕೇಳಿದ್ದೊಂದು, ಹಾಡಿದ್ದೊಂದು ಆತಲ್ಲೋ!"

ನನ್ನ ಪ್ರಕಾರ ಇಡೀ ನೀತಿ ಈ ಕೂಗಿನಲ್ಲೇ ಇದೆ. ತಯಾರಿ ಎರಡು ಥರ. ಒಂದು, ಏನು ಹೇಳಬೇಕು ಅಂತ ಕೊನೇ ಅಕ್ಷರದವರೆಗೂ ತೀರ್ಮಾನ ಮಾಡಿಕೊಂಡು ಬರೋದು. ಅಲ್ಲಿ ಡ್ರಮ್ಮರ್ ಏನು ಬಾರಿಸಿದರೂ, ಎದುರಿನವರು ಏನು ಕೇಳಿದರೂ ಫರಕು ಬೀಳೋದಿಲ್ಲ. ಇನ್ನೊಂದು, ದಾರಿಯ ತಿರುವುಗಳನ್ನೆಲ್ಲ ಮೊದಲೇ ತಿಳಿದುಕೊಂಡು, ಆ ಚಿಂತೆ ಕಳಕೊಂಡು, ಕಿವಿಯನ್ನು ಬಿಡುವು ಮಾಡಿಕೊಂಡು ಬರೋದು. ಹೊರಗಿನಿಂದ ನೋಡಿದರೆ ಎರಡರಲ್ಲೂ ಪೆನ್ಸಿಲ್, ಕಾಗದ ಒಂದೇ.

ಈ ವ್ಯತ್ಯಾಸ ನನಗೆ ಚೆನ್ನಾಗಿ ತಿಳಿದದ್ದು ಸಂಗೀತದಲ್ಲಲ್ಲ, ಆಫೀಸಿನಲ್ಲಿ. ಹೋದ ವರ್ಷ ನಮ್ಮ ಟೀಮಿನ ಹುಡುಗನೊಬ್ಬನಿಗೆ ಕೆಲಸ ಹೋಯ್ತು ಅಂತ ಹೇಳೋ ಸರದಿ ನನಗೆ ಬಂತು. ಎಚ್‌ಆರ್‌ನವರು ಸ್ಕ್ರಿಪ್ಟ್ ಕಳಿಸಿದ್ದರು: ಯಾವ ವಾಕ್ಯದ ನಂತರ ಯಾವ ವಾಕ್ಯ, ಎಲ್ಲಿ ಸಾರಿ ಅನ್ನಬೇಕು, ಎಲ್ಲಿ ಮುಗಿಸಬೇಕು. ನಾನು ಅದನ್ನು ಪಕ್ಕಕ್ಕಿಟ್ಟು ಬೇರೆ ಕಾಗದದಲ್ಲಿ ನಾಲ್ಕು ವಿಷಯ ಬರಕೊಂಡೆ. ಕೊನೇ ದಿನ ಯಾವುದು, ಎಷ್ಟು ತಿಂಗಳ ಸಂಬಳ ಸಿಗುತ್ತೆ, ಇನ್ಶೂರೆನ್ಸ್ ಎಲ್ಲಿವರೆಗೆ, ಅವನಿಗಾಗಿ ನಾನು ಯಾರ್ಯಾರಿಗೆ ಫೋನ್ ಮಾಡಬಹುದು. ಹುಡುಗ ಶಹಾಪುರದ ಕಡೆಯವನೇ. ಎಲ್ಲ ಕೇಳಿಸಿಕೊಂಡು, ಅಲ್ಲೀವರೆಗೆ ಇಂಗ್ಲಿಷಲ್ಲಿ ಮಾತಾಡ್ತಿದ್ದವನು ಊರ ಮಾತಿಗೆ ಇಳಿದ. "ಅಣ್ಣಾ, ಅಪ್ಪಗ ಏನಂತ ಹೇಳ್ಲಿ? ತಂಗಿ ಲಗ್ನದ ತಾರೀಖು ಇಟ್ಟಾರ."

ಇದಕ್ಕೆ ಸ್ಕ್ರಿಪ್ಟಿನಲ್ಲಿ ಸಾಲಿರಲಿಲ್ಲ. ನನ್ನ ಕಾಗದದಲ್ಲೂ ಇರಲಿಲ್ಲ. ಆದರೆ ತಾರೀಖು, ಲೆಕ್ಕ ಎಲ್ಲ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದರಿಂದ ಅವನ ಮಾತಿಗೆ ಜಾಗ ಇತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ "ಲಗ್ನ ಯಾವಾಗಪಾ?" ಅಂದೆ. ಲಗ್ನದ ದಿನದವರೆಗೆ ಕೈಯಲ್ಲಿ ಎಷ್ಟು ದುಡ್ಡು ಇರುತ್ತೆ, ಅಪ್ಪನಿಗೆ ಈಗ ಹೇಳೋದಾ ಆಮೇಲಾ ಅಂತ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಇದರಿಂದ ಅವನ ಕೆಲಸ ಉಳಿಯಲಿಲ್ಲ. ಚೆನ್ನಾಗಿ ಕೇಳಿಸಿಕೊಂಡ ಮಾತ್ರಕ್ಕೆ ಕೆಟ್ಟ ಸುದ್ದಿ ಒಳ್ಳೇದಾಗೋದಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಪಡೆಯೋ ಹಕ್ಕು ಕೆಲಸ ಕಳಕೊಂಡವನಿಗೂ ಇದೆ.

ಒಂದು ಸಂಶಯ ಉಳಿಯುತ್ತೆ. ಕೇಳಿಸಿಕೊಂಡ ಹಾಗೆ ನಟಿಸೋದನ್ನೂ ತಯಾರಿ ಮಾಡಿಕೊಳ್ಳಬಹುದಲ್ಲ? ಖಂಡಿತ. ಅದಕ್ಕೇ ಟ್ರೇನಿಂಗ್ ಕೂಡ ಇದೆ: ತಲೆಯಾಡಿಸು, ಮೂರು ಸೆಕೆಂಡ್ ತಡೆ, "ಅರ್ಥ ಆಗುತ್ತೆ" ಅನ್ನು. ಹೊರಗಿನಿಂದ ಇದನ್ನು ಹಿಡಿಯೋದು ಕಷ್ಟ. ಆದರೆ ನಮ್ಮನ್ನು ನಾವೇ ಕೇಳಿಕೊಳ್ಳಬಹುದಾದ ಪ್ರಶ್ನೆ ಒಂದಿದೆ: ಎದುರಿನವರು ಹೇಳಿದ್ದರಿಂದ ನನ್ನ ಮುಂದಿನ ಸಾಲು ಬದಲಾಯಿತಾ? ಹೌದು ಅಂದರೆ, ಎಷ್ಟು ತಯಾರಿ ಮಾಡಿದ್ದರೂ ಅದು ಆಶುವೇ. ಇಲ್ಲ ಅಂದರೆ, ಒಂದಕ್ಷರ ಬರೆದುಕೊಳ್ಳದೆ ಬಂದಿದ್ದರೂ ನಾವು ಹಾಡಿದ್ದು ಹಳೇ ಪದವನ್ನೇ.