ಇಗರ್ಜಿಯ ಒಕ್ಕಾಲು ಓದು

ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಓದಿದವರನ್ನು ಹಂಗಿಸಲೆಂದೇ ಈ ಗಾದೆ ಹುಟ್ಟಿದೆ ಎನ್ನುವ ಹಾಗೆ ನಾವು ಅದನ್ನು ಬಳಸುತ್ತೇವೆ. ಡಿಗ್ರಿ ಮುಗಿಸಿದ ಮಗ ಪಹಣಿ ಕೈಯಲ್ಲಿ ಹಿಡಿದು ತಲೆ ಕೆರೆದುಕೊಂಡರೆ ಅಪ್ಪನ ಬಾಯಿಂದ ಬರುವ ಮೊದಲ ಮಾತು ಇದೇ. ಆದರೆ ಗಾದೆ ಓದು ಬೇಡ ಎಂದಿಲ್ಲ, ಅದಕ್ಕೂ ಕಾಲು ಪಾಲು ತೆಗೆದಿಟ್ಟಿದೆ. ಉಳಿದ ಮುಕ್ಕಾಲನ್ನು ಎಲ್ಲಿ ಹೋಗಿ ಕಲಿಯಬೇಕು ಎಂಬುದನ್ನಷ್ಟೇ ಹೇಳದೆ ಬಿಟ್ಟಿದೆ. ಕ್ರೈಸ್ತ ಸಭೆ ತನ್ನವರಿಗೆ ಕೊಡುವ ತರಬೇತಿ ಸಮಾಜಕ್ಕೂ ರಾಜಕೀಯಕ್ಕೂ ಒದಗಬೇಕು ಎಂಬ ಮಾತು ಬಂದಾಗ ಕೇಳಬೇಕಾದದ್ದು ಇದನ್ನೇ. ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಆ ಮುಕ್ಕಾಲು ಎಲ್ಲಿ ಸಿಗುತ್ತದೆ?

ಒಕ್ಕಾಲನ್ನು ಹಗುರವಾಗಿ ಕಾಣುವಂತಿಲ್ಲ. ಕ್ಯಾಥೊಲಿಕ್ ಪಾದ್ರಿಯಾಗಬೇಕಾದರೆ ತತ್ತ್ವಶಾಸ್ತ್ರ, ದೈವಶಾಸ್ತ್ರ ಸೇರಿ ಕಡಿಮೆಯೆಂದರೂ ಆರು ವರ್ಷ ಓದಬೇಕು ಎಂಬುದು ಸಭೆಯ ಕಾನೂನು. ಮಂಗಳೂರಿನ ಸೇಂಟ್ ಜೋಸೆಫ್ ಸೆಮಿನರಿ 1879ರದ್ದು. ಅದಕ್ಕೂ ಹಿಂದೆ, 1847ರಲ್ಲಿ, ಬಾಸೆಲ್ ಮಿಷನ್ನಿನವರು ಅದೇ ಊರಿನಲ್ಲಿ ಉಪದೇಶಿಗಳಿಗೆಂದು ಶಾಲೆ ತೆರೆದರು. ಬಲ್ಮಠದ ಇಂದಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಬೇರು ಅದು. ಆ ಮಿಷನ್ 1845ರಲ್ಲಿ ಹೊನ್ನಾವರಕ್ಕೂ ಬಂದು ಠಾಣ್ಯ ಹಾಕಿತ್ತು. ಜರ್ಮನ್ ಮಾತಾಡುವ ಆ ಪಾದ್ರಿಗಳು ಹಡಗು ಹತ್ತುವಾಗ ಅವರ ಬಳಿ ಇದ್ದದ್ದು ಬೈಬಲ್ಲಿನ ಓದು. ಹೊಸ ಮತಕ್ಕೆ ಬಂದವನು ಮರುದಿನವೇ ಜಾತಿಯನ್ನೂ ಕೂಲಿಯನ್ನೂ ಕಳೆದುಕೊಂಡು ಮಿಷನ್ನಿನ ಅಂಗಳದಲ್ಲಿ ನಿಲ್ಲುತ್ತಾನೆ ಎಂಬುದು ಕರಾವಳಿಗೆ ಇಳಿದ ಮೇಲೆ ತಿಳಿದ ಸಂಗತಿ. ಅದಕ್ಕಾಗಿ ಮಗ್ಗ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಅವರಲ್ಲೊಬ್ಬನಾದ ಮೋಗ್ಲಿಂಗ್ 1843ರಲ್ಲೇ ‘ಮಂಗಳೂರ ಸಮಾಚಾರ’ ಎಂಬ ಪತ್ರಿಕೆ ತಂದಿದ್ದ. ಹೆಂಚು ಸುಡುವುದನ್ನು ಬಾಸೆಲ್ಲಿನ ಯಾವ ದೈವಶಾಸ್ತ್ರದ ಗುರುವೂ ಕಲಿಸಿರಲಿಲ್ಲ.

ಆ ಬುದ್ಧಿಗೂ ಒಂದು ಮಿತಿ ಇತ್ತೆನ್ನಿ. ಪ್ರಸಂಗ ಮಾಡುವವನೇ ಸಂಬಳ ಬಟವಾಡೆ ಮಾಡುವ ಕಡೆ ಎದುರು ಮಾತಾಡುವ ಕೂಲಿಕಾರ ಹುಟ್ಟುವುದು ಕಷ್ಟ.

ಎದುರು ಮಾತಾಡಿದ ಒಬ್ಬ ಹುಡುಗನ ಕತೆ ನಮ್ಮ ಕರಾವಳಿಯದ್ದೇ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್‌ರನ್ನು 1946ರಲ್ಲಿ, ಹದಿನಾರರ ಹರೆಯದಲ್ಲಿ, ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಗುರುಗಳಿಗೆ ಎತ್ತರದ ಮೇಜು, ಒಳ್ಳೆಯ ಊಟ. ಕಲಿಯುವ ಹುಡುಗರಿಗೆ ಬೇರೆ. ಹೇಳುವುದಕ್ಕೂ ನಡೆಯುವುದಕ್ಕೂ ತಾಳೆಯಾಗದ್ದನ್ನು ಕಂಡು ರೋಸಿ ಹೊರಬಂದದ್ದಾಗಿ ಮುಂದೆ ಅವರೇ ಹೇಳಿಕೊಂಡರು. ಮುಂಬಯಿಯ ಕೂಲಿಕಾರರ ನಡುವೆ ಅವರ ಉಳಿದ ಮುಕ್ಕಾಲು ಕಲಿಕೆ ನಡೆಯಿತು. 1974ರ ರೈಲ್ವೆ ಮುಷ್ಕರದ ಮುಂದಾಳು 1989ರಲ್ಲಿ ರೈಲ್ವೆ ಮಂತ್ರಿಯಾದರು. ಮರುವರ್ಷ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಆ ಮಾರ್ಗದ ಅತಿ ಉದ್ದದ ಸೇತುವೆ, ಎರಡು ಕಿಲೋಮೀಟರಿಗೂ ಮಿಕ್ಕಿದ್ದು, ಹೊನ್ನಾವರದಲ್ಲಿ ಶರಾವತಿಯ ಮೇಲಿದೆ. ಒಂದು ಸೆಮಿನರಿ ಉಳಿಸಿಕೊಳ್ಳಲಾಗದ ವಿದ್ಯಾರ್ಥಿಯ ಕೆಲಸದ ಮೇಲೆ ಇಲ್ಲಿ ದಿನವೂ ರೈಲು ಓಡುತ್ತದೆ. ಅವರು ಪಾದ್ರಿಯಾಗಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಊಟದ ಮನೆಯ ಆ ಪ್ರಶ್ನೆಯನ್ನು ಪಾಠದ ಕೋಣೆಯೊಳಗೆ ಎತ್ತಲು ಅವಕಾಶ ಇರಬೇಕಿತ್ತು.

ಹಾಗೆ ಅವಕಾಶ ಮಾಡಿಕೊಟ್ಟವರೂ ಇದ್ದರು. ಬೆಂಗಳೂರಿನಲ್ಲಿ 1957ರಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆಂದೇ ಒಂದು ಕ್ರೈಸ್ತ ಸಂಸ್ಥೆ ಶುರುವಾಯಿತು. ಪಿ.ಡಿ. ದೇವನಂದನ್ ಅದನ್ನು ಕಟ್ಟಿದರು, ಎಂ.ಎಂ. ಥಾಮಸ್ ಬೆಳೆಸಿದರು. ಥಾಮಸ್ ದೀಕ್ಷೆ ಪಡೆದ ಪಾದ್ರಿಯಲ್ಲ, ಸಾಮಾನ್ಯ ವಿಶ್ವಾಸಿ. ಆದರೂ ಜಗತ್ತಿನ ಸಭೆಗಳ ಒಕ್ಕೂಟದ ಕೇಂದ್ರ ಸಮಿತಿಯ ಅಧ್ಯಕ್ಷತೆ ಅವರ ಪಾಲಿಗೆ ಬಂತು. ತುರ್ತುಪರಿಸ್ಥಿತಿಯಲ್ಲಿ ಬಾಯಿ ಬಿಟ್ಟು ವಿರೋಧಿಸಿದ ಕೆಲವೇ ಕ್ರೈಸ್ತ ನಾಯಕರಲ್ಲಿ ಅವರೊಬ್ಬರು.

ಬೆಂಗಳೂರಿನ ಮಾತು ಸಾಕು. ಉತ್ತರ ಕನ್ನಡದಲ್ಲಿ ಕ್ರೈಸ್ತರು ನೂರಕ್ಕೆ ಮೂರರಷ್ಟು. ಆದರೂ ಈ ಜಿಲ್ಲೆಯ ಮತದಾರರು ಕ್ರೈಸ್ತರಾದ ಜೋಕಿಂ ಆಳ್ವರನ್ನು 1952ರಿಂದ ಮೂರು ಸಲ ಲೋಕಸಭೆಗೆ ಕಳಿಸಿದರು. 1999ರಲ್ಲಿ ಮತ್ತೊಬ್ಬ ಕ್ರೈಸ್ತರು, ಮಾರ್ಗರೆಟ್ ಆಳ್ವ, ಗೆದ್ದರು. ಮೂರು ಪಾಲಿನ ಮತದಿಂದ ಯಾರೂ ಗೆಲ್ಲುವುದಿಲ್ಲ. ಇಲ್ಲಿ ಕ್ರೈಸ್ತರ ರಾಜಕೀಯ ಎಂದರೆ ಅದು ನೆರೆಹೊರೆಯವರೊಂದಿಗೆ ಸೇರಿ ಮಾಡುವ ರಾಜಕೀಯವೇ. ಆಲ್ತಾರಿನ ಮುಂದೆ ನಿಂತು ಮತ ಎಣಿಸುವವರಿಗೆ ಈ ಲೆಕ್ಕ ಹತ್ತುವುದಿಲ್ಲ.

ನೆರೆಹೊರೆಯವರ ಸಂಕಟವೇನು? ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಬೆಳಚು ಚಿಪ್ಪು ಹೆಕ್ಕುವ ಹೆಂಗಸರ ಬದುಕು ಆ ನೀರಿನ ಮೇಲಿದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಜಗಳ ಹೂಡಿದ್ದಾರೆ. ಇವೆಲ್ಲಕ್ಕಿಂತ ಹೆಚ್ಚಾಗಿ ಮೂರು ತಾಲೂಕಿನ ಗುಡ್ಡದ ಬುಡದಲ್ಲಿ ಹಬ್ಬಿರುವುದು ಅತಿಕ್ರಮಣದ ಪ್ರಶ್ನೆ. ಜಿಲ್ಲೆಯ ಬಹುಪಾಲು ನೆಲ ಅರಣ್ಯ ಇಲಾಖೆಯ ನಕ್ಷೆಯೊಳಗಿದೆ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಪರಿಶಿಷ್ಟ ಪಂಗಡದವರಲ್ಲದವರು ಹಕ್ಕು ಕೇಳಬೇಕಾದರೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಅಲ್ಲೇ ಬದುಕಿದ್ದನ್ನು ತೋರಿಸಬೇಕು. ಅಜ್ಜ ಹುಟ್ಟಿದ್ದಕ್ಕೇ ಕಾಗದ ಇಲ್ಲದ ಮನೆಯವರು ಏನನ್ನು ತೋರಿಸಬೇಕು?

ಇಲ್ಲೇ ಒಕ್ಕಾಲು ಓದು ಮುಕ್ಕಾಲು ಬುದ್ಧಿಯ ಕೈ ಹಿಡಿಯಬಹುದು. ಯಾವ ಕ್ಯಾಥೊಲಿಕ್ ಇಗರ್ಜಿಯೇ ಆಗಲಿ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕ ಇಡಲೇಬೇಕು. ಜ್ಞಾನಸ್ನಾನ, ಮದುವೆಯ ಮಟ್ಟಿಗೆ ಹದಿನಾರನೆಯ ಶತಮಾನದ ಟ್ರೆಂಟ್ ಮಹಾಸಭೆಯ ಕಾಲದಿಂದ ಬಂದ ಕಟ್ಟಳೆ ಅದು. ಯಾವ ಮಗು, ಯಾರ ಮಗು, ಯಾವ ಊರು ಎಂದು ಬರೆದಿಟ್ಟ ಸಾಲು ತಲೆಮಾರುಗಳ ವಾಸಕ್ಕೆ ಸಾಕ್ಷಿಯಾಗಬಲ್ಲದು. ಹಳೆಯ ಪುಟ ಲ್ಯಾಟಿನ್ನಿನಲ್ಲಿದ್ದರೆ ಅದನ್ನು ಓದಿ ಕನ್ನಡದಲ್ಲಿ ಬರೆದುಕೊಡಬಲ್ಲವನು ಸೆಮಿನರಿಯಲ್ಲಿ ಕಲಿತ ಪಾದ್ರಿಯಲ್ಲದೆ ಇನ್ನಾರು? ಕಾಯಿದೆಯ ನಿಯಮದಂತೆ ಒಂದೇ ಸಾಕ್ಷಿ ಸಾಲದು. ಆದರೆ ಊರಿನ ಹಿರಿಯರ ಹೇಳಿಕೆಯನ್ನು ಬರೆದು ಕೊಟ್ಟರೆ ಅದೂ ಸಾಕ್ಷಿ, ಹಳೆಯ ಬಾವಿ, ಸ್ಮಶಾನ ಕೂಡ ಸಾಕ್ಷಿ. ಹಿರಿಯರ ಮಾತು ಬರೆದುಕೊಳ್ಳಲು ಕಲಿತ ಇಗರ್ಜಿಯ ಯುವಕನೊಬ್ಬ ಪಕ್ಕದ ಮನೆಯ ಹಾಲಕ್ಕಿ ಅಜ್ಜಿಗೂ ಬರೆದುಕೊಡಬಹುದು. ಕ್ರಿಸ್ತೋಪದೇಶದ ತರಗತಿಯಲ್ಲಿ ‘ನೆರೆಯವನನ್ನು ಪ್ರೀತಿಸು’ ಎಂದು ಬಾಯಿಪಾಠ ಮಾಡಿಸುವವರು ಆ ಪ್ರೀತಿಗೆ ಎಷ್ಟು ಪ್ರತಿ ಜೆರಾಕ್ಸ್ ಬೇಕು ಎಂಬುದನ್ನೂ ಹೇಳಿಕೊಡಬೇಕು.

ತಿಳಿಯಬೇಕಾದ ಕಾನೂನು ಇನ್ನೂ ಇದೆ. ಹಳಿಯಾಳ, ಯಲ್ಲಾಪುರದ ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. 2003ರಲ್ಲಿ ಈ ಜಿಲ್ಲೆಯ ಇಡೀ ಸಿದ್ದಿ ಸಮುದಾಯ ಪರಿಶಿಷ್ಟ ಪಂಗಡವಾಯಿತು, ಏಕೆಂದರೆ ಪಂಗಡದ ಪಟ್ಟಿಗೆ ಧರ್ಮದ ಅಡ್ಡಿಯಿಲ್ಲ. ಪರಿಶಿಷ್ಟ ಜಾತಿಯ ಪಟ್ಟಿಗಾದರೋ 1950ರ ರಾಷ್ಟ್ರಪತಿ ಆದೇಶದ ಅಡ್ಡಿ ಇದೆ, ದಲಿತ ಕ್ರೈಸ್ತರು ಹೊರಗೇ ಉಳಿದಿದ್ದಾರೆ. ಈ ವ್ಯತ್ಯಾಸ ತಿಳಿಯದೆ ಸಾಮಾಜಿಕ ನ್ಯಾಯದ ಬಗ್ಗೆ ಶೆರ್ಮಾಂವ್, ಅಂದರೆ ಪ್ರಸಂಗ, ಹೇಳುವುದು ಸುಲಭ, ಕೇಳುವುದು ಕಷ್ಟ.

ಇನ್ನು ಜಗಳದ ಹೊತ್ತು. ಭಟ್ಕಳ 1993ರಲ್ಲಿ ಕೋಮುಗಲಭೆಯಿಂದ ತಿಂಗಳುಗಟ್ಟಲೆ ಉರಿಯಿತು, ಜಸ್ಟಿಸ್ ಜಗನ್ನಾಥ ಶೆಟ್ಟಿ ಆಯೋಗ ಬಂತು. 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಯುವಕನೊಬ್ಬನ ಹೆಣ ಕೆರೆಯಲ್ಲಿ ಸಿಕ್ಕಿತು, ಕೊಲೆ ಎಂದು ಸುದ್ದಿ ಹಬ್ಬಿತು, 11ರಂದು ಕುಮಟಾದಲ್ಲಿ ಪೊಲೀಸ್ ಅಧಿಕಾರಿಯ ವಾಹನಕ್ಕೇ ಬೆಂಕಿ ಬಿತ್ತು. ಅದು ನೀರಿನಲ್ಲಿ ಮುಳುಗಿ ಆದ ಸಾವು ಎಂದು ಸಿಬಿಐ ವರದಿ ಕೊಡುವಾಗ 2022 ಆಗಿತ್ತು. ಅದೇ ಡಿಸೆಂಬರಿನ 3 ಇದೇ ಸೀಮೆಯ ಚಂದಾವರದ ಇಗರ್ಜಿಯ ಹಬ್ಬದ ದಿನ. ಸಂತ ಫ್ರಾನ್ಸಿಸ್ ಕ್ಸೇವಿಯರರಿಗೆ ಹರಕೆ ಹೊತ್ತು ಅಲ್ಲಿಗೆ ಹೋಗುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಅಷ್ಟು ಜನರ ವಿಶ್ವಾಸ ಗಳಿಸಿದ ಸಭೆಯ ಪಾದ್ರಿ ಇಂಥ ಹೊತ್ತಿನಲ್ಲಿ ತಹಶೀಲ್ದಾರರ ಕಚೇರಿಯ ಶಾಂತಿ ಸಮಿತಿಯಲ್ಲಿ ಮೂರನೆಯ ಕುರ್ಚಿಯಲ್ಲಿ ಕುಳಿತು, ಎಲ್ಲರೂ ಸೌಹಾರ್ದದಿಂದಿರಬೇಕು ಎಂದು ಹೇಳಿ, ಚಹಾ ಕುಡಿದು ಎದ್ದು ಬಂದರೆ ಏನು ಬಂತು? ವಾಟ್ಸಾಪಿನ ಸುಳ್ಳನ್ನು ಪತ್ತೆ ಹಚ್ಚುವುದು, ಎರಡೂ ಕೇರಿಯ ಹಿರಿಯರಿಗೆ ರಾತ್ರಿ ಹತ್ತಕ್ಕೆ ಫೋನು ಮಾಡುವಷ್ಟು ಸಲುಗೆ ಬೆಳೆಸಿಕೊಳ್ಳುವುದು, ಇವು ಕೂಡ ತರಬೇತಿಯ ವಿಷಯವೇ.

ಇಷ್ಟು ಹೇಳಿದರೆ ಪಾದ್ರಿಗಳೆಲ್ಲ ರಾಜಕೀಯಕ್ಕೆ ಇಳಿಯಲಿ ಎಂದಂತಾಯಿತೇ? ಇಲ್ಲ. ಆಡಳಿತದ ಅಧಿಕಾರವಿರುವ ಹುದ್ದೆ ಹಿಡಿಯಬಾರದು ಎಂದು ಕ್ಯಾಥೊಲಿಕ್ ಪಾದ್ರಿಗಳಿಗೆ ಸಭೆಯ ಕಾನೂನೇ ತಡೆ ಹಾಕಿದೆ. ಇಂಥವರಿಗೆ ಮತ ಹಾಕಿ ಎಂದು ಪೀಠದಿಂದ ಹೇಳುವ ಬುದ್ಧಿ ಮುಕ್ಕಾಲೂ ಅಲ್ಲ, ಒಕ್ಕಾಲೂ ಅಲ್ಲ. ತರಬೇತಿ ಆಗಬೇಕಾದದ್ದು ಬೆಂಚಿನಲ್ಲಿ ಕೂರುವವರಿಗೆ: ವಾರ್ಡಿನ ಮುಂದಾಳುಗಳಾದ ಗುರ್ಕಾರರಿಗೆ, ಸಿಸ್ಟರುಗಳು ಕಟ್ಟಿದ ಸ್ವಸಹಾಯ ಸಂಘದ ಹೆಂಗಸರಿಗೆ, ದೃಢೀಕರಣ ಮುಗಿದೊಡನೆ ಕ್ರಿಸ್ತೋಪದೇಶದ ಪುಸ್ತಕ ಮುಚ್ಚಿಬಿಡುವ ಹುಡುಗ ಹುಡುಗಿಯರಿಗೆ. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು ಎಂದು ನಿಯಮವಿದೆ. ಆ ಕುರ್ಚಿಗಳಲ್ಲಿ ಕುಳಿತು ನಡಾವಳಿ ಓದಿ ಸಹಿ ಹಾಕುವವರನ್ನು ಇಗರ್ಜಿಯ ತರಗತಿ ತಯಾರು ಮಾಡಬಾರದೇಕೆ?

ಈ ಮೂರು ತಾಲೂಕು ಸೇರಿದ ಕಾರವಾರ ಧರ್ಮಪ್ರಾಂತಕ್ಕೆ 2026ಕ್ಕೆ ಐವತ್ತು ವರ್ಷ. ಹೊಸ ಕಟ್ಟಡ ಬೇಡ, ಸ್ಮರಣ ಸಂಚಿಕೆಯೂ ಬೇಡ. ಪೂಜೆಯ ವೇಳಾಪಟ್ಟಿ ಬರೆಯುವ ಇಗರ್ಜಿಯ ಹಲಗೆಯ ಮೇಲೆ ಮುಂದಿನ ಗ್ರಾಮಸಭೆಯ ದಿನ, ಗಂಟೆ, ಜಾಗವನ್ನೂ ಬರೆಯಿರಿ. ಆ ದಿನ ಮೇಲಿನ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ.