ಇಂದಿನ ಧಮ್ಮ ಚಿಂತನೆ: ಬೆಲ್ಟಿನ ಬಟನ್





ಸೋಣ ಭಿಕ್ಷುವಿನ ವೀಣೆಯ ಕಥೆ ನಮ್ಮ ಗುಂಪಿನಲ್ಲಿ ಎಷ್ಟು ಸಲ ಬಂದಿದೆಯೋ! ತಂತಿ ಅತಿ ಬಿಗಿಯೂ ಬೇಡ, ಅತಿ ಸಡಿಲವೂ ಬೇಡ ಎಂಬುದು ಎಲ್ಲರಿಗೂ ಬಾಯಿಪಾಠ. ಇವತ್ತು ತಂತಿಯ ಮಾತಲ್ಲ, ವಾದ್ಯವನ್ನು ಹೊತ್ತು ನಿಲ್ಲಿಸುವ ಬಟನ್ನಿನ ಮಾತು.

ನನ್ನ ತಮ್ಮನ ಮಗಳು ಗಿಟಾರ್ ನುಡಿಸುತ್ತಾಳೆ. ಕೂತು ನುಡಿಸಿದರೆ ಆಸರೆಗೆ ತೊಡೆ ಇದೆ. ನಿಂತು ಭೀಮಗೀತೆ ಹಾಡಬೇಕೆಂದರೆ ಹೆಗಲಿಗೆ ಬೆಲ್ಟ್ ಬೇಕು. ಅವಳ ಗಿಟಾರಿಗೆ ಬುಡದಲ್ಲಿ ಒಂದೇ ಬಟನ್ ಇತ್ತು. "ದೊಡ್ಡಪ್ಪ, ಮೇಲೂ ಒಂದು ಹಾಕಿಕೊಡಿ" ಎಂದಳು.

ಕತ್ತು ಬಂದು ಪೆಟ್ಟಿಗೆಗೆ ಸೇರುವಲ್ಲಿ ಹಿಮ್ಮಡಿಯ ಹಾಗೆ ಗಟ್ಟಿ ಮರ ಇರುತ್ತದೆ. ಅದರ ಹಿಂಬದಿಗೆ ಬಟನ್ ಹಾಕಿದರೆ ಗಿಟಾರಿನ ಮುಖ ನೆಲದ ಕಡೆ ವಾಲುತ್ತದೆ, ಪಕ್ಕಕ್ಕೆ ಹಾಕಬೇಕು. (ಎಲೆಕ್ಟ್ರಿಕ್ ಗಿಟಾರುಗಳಲ್ಲೂ ಅಷ್ಟೇ. ಸ್ಟ್ರಾಟೊಕಾಸ್ಟರಿನ ಮೇಲಿನ ಕೊಂಬು ಮುಂದೆ ಚಾಚಿರುವುದರಿಂದ ತೂಕ ಸಮ ನಿಲ್ಲುತ್ತದೆ. ಎಸ್‌ಜಿಯಲ್ಲಿ ಬಟನ್ ಕತ್ತಿನ ಬುಡದಲ್ಲಿದೆ, ಕತ್ತು ಕೆಳಕ್ಕೆ ಜಗ್ಗುತ್ತದೆ.) ಜಾಗ ಸರಿಯಾಗಿಯೇ ಹಿಡಿದೆ, ತೂತು ಕೆಡಿಸಿದೆ. ಸ್ಕ್ರೂಗಿಂತ ಸಣ್ಣ ಬಿಟ್ ಹಾಕಬೇಕಿತ್ತು. ಕೈಗೆ ಸಿಕ್ಕಿದ್ದನ್ನು ಹಾಕಿದೆ. ಸ್ಕ್ರೂ ಮರ ಕಚ್ಚದೆ ಸುಮ್ಮನೆ ತಿರುಗಿತು. ಒಂದು ಬೆಂಕಿಕಡ್ಡಿ ಚೂರು ತುರುಕಿ "ನಡೆಯುತ್ತೆ" ಅಂದುಕೊಂಡೆ. ಅವಳಿಗೆ ಹೇಳಲಿಲ್ಲ.

ಕೆಲವು ದಿನದ ಮೇಲೆ "ಯಾಕೋ ಎಡಗೈ ನೋಯುತ್ತೆ ದೊಡ್ಡಪ್ಪ" ಎಂದಳು. ಬಟನ್ ಅಲುಗುತ್ತಿತ್ತು. ಅವಳಿಗೇ ತಿಳಿಯದೆ ಸ್ವರ ಒತ್ತಬೇಕಾದ ಕೈ ಕತ್ತನ್ನು ಹೊರುತ್ತಿತ್ತು. ಆಗಲೂ ನಾನು ಸುಮ್ಮನಿದ್ದೆ.

ಬುದ್ಧ ಪೂರ್ಣಿಮೆಯ ಸಂಜೆ, ಎರಡನೇ ಹಾಡಿನ ನಡುವೆ ಬಟನ್ ಕಿತ್ತು ಬಂತು. ಗಿಟಾರಿನ ತಲೆ ವೇದಿಕೆಗೆ ಬಡಿದು ಸೀಳಿತು. ಮಗು ಎಲ್ಲರೆದುರು "ನಾನೇ ಬೆಲ್ಟ್ ಸರಿಯಾಗಿ ಹಾಕಿರಲಿಲ್ಲ" ಎಂದು ಅತ್ತಳು. ನಾನು ಪಕ್ಕದಲ್ಲಿ ನಿಂತು ನೀರು ಕೊಟ್ಟೆ. ಬರೀ ನೀರು.

ಅಂಗುತ್ತರ ನಿಕಾಯದ ಕಿಮತ್ಥಿಯ ಸುತ್ತದಲ್ಲಿ ಆನಂದರು ಕೇಳುತ್ತಾರೆ, ಶೀಲದಿಂದ ಏನು ಪ್ರಯೋಜನ ಎಂದು. ಭಗವಾನರ ಉತ್ತರ ಸ್ವರ್ಗವಲ್ಲ, ಕೀರ್ತಿಯಲ್ಲ. ಅವಿಪ್ಪಟಿಸಾರ, ಅಂದರೆ ಮನಸ್ಸು ಹಿಂದಿನದಕ್ಕೆ ಕೊರಗದಿರುವುದು. ಅದರಿಂದ ಪಾಮೋಜ್ಜ, ಪೀತಿ, ಪಸ್ಸದ್ಧಿ, ಸುಖ, ಆಮೇಲೆ ಸಮಾಧಿ. ಈ ಸಾಲನ್ನು ಎಷ್ಟೋ ವರ್ಷ ಓದಿ ಹೇಳಿದವನು ನಾನು. ಪೂರ್ಣಿಮೆಯ ಮಾರನೆಯ ದಿನದಿಂದ ಆನಾಪಾನಕ್ಕೆ ಕೂತರೆ ಉಸಿರು ಕಾಣದು, ಆ ಸ್ಕ್ರೂ ಕಾಣುತ್ತದೆ. ಅವಳ ಎಡಗೈ ಹೇಗೋ ನನ್ನ ಮನಸ್ಸೂ ಹಾಗೆ, ಮಾಡಬೇಕಾದ ಕೆಲಸ ಬಿಟ್ಟು ಏನನ್ನೋ ಬೀಳದಂತೆ ಹಿಡಿದುಕೊಂಡೇ ಇತ್ತು.

ಅಂಬಲಟ್ಠಿಕೆಯಲ್ಲಿ ಭಗವಾನರು ರಾಹುಲನಿಗೆ ಹೇಳಿದ್ದು ನೆನಪಾಯಿತು. ಮೈಯಿಂದ, ಮಾತಿನಿಂದ ಆದ ತಪ್ಪನ್ನು ಗುರುವಿನ ಮುಂದೆ ಅಥವಾ ತಿಳಿದ ಸಂಗಾತಿಗಳ ಮುಂದೆ ತೆರೆದಿಡಬೇಕು. ಒಳಗೊಳಗೇ ಕೊರಗಿ ಮುಗಿಸು ಎಂದು ಅಲ್ಲಿ ಇಲ್ಲ.

ಹೋದ ಭಾನುವಾರ ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅವತ್ತೇ ಹೇಳಿದ್ದರೆ ಕೂತು ಹಾಡ್ತಿದ್ದೆ ದೊಡ್ಡಪ್ಪ" ಎಂದಳು. ಅಷ್ಟೇ. ಅವಳನ್ನು ಕೇಳಿಯೇ ಇದನ್ನು ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ತಲೆಯ ಸೀಳನ್ನು ರಿಪೇರಿಯವರು ಅಂಟಿಸಿಕೊಟ್ಟಿದ್ದಾರೆ. ಬಟನ್ ಕೆಲಸ ನಾವಿಬ್ಬರೇ ಮಾಡಿದೆವು. ಹಳೆಯ ತೂತಿಗೆ ಗಟ್ಟಿ ಮರದ ಗುಂಡನೆ ಕಡ್ಡಿಯನ್ನು ಮರದ ಗೋಂದು ಹಚ್ಚಿ ಕೂರಿಸಿ, ಒಂದು ರಾತ್ರಿ ಒಣಗಲು ಬಿಟ್ಟು, ಸ್ಕ್ರೂವಿನ ಮರೆ ಬಿಟ್ಟು ನಡುವಿನ ದಪ್ಪ ಎಷ್ಟೋ ಅಷ್ಟೇ ಅಳತೆಗೆ ಹೊಸ ತೂತು ಕೊರೆದೆವು. ಮರೆಗೆ ಸ್ವಲ್ಪ ಸೋಪು ಸವರಿದರೆ ಮರ ಸೀಳುವುದಿಲ್ಲ. ಬೆಲ್ಟಿನ ಚರ್ಮದ ಕಂಡಿಯೂ ಸವೆದು ಅಗಲವಾಗಿತ್ತು, ಅದು ಜಾರದಂತೆ ಬಟನ್ನಿನ ಮೇಲೆ ಒಂದೊಂದು ರಬ್ಬರ್ ವಾಷರ್ ಹಾಕಿದೆವು. ಹಾಸಿಗೆಯ ಪಕ್ಕ ನಿಂತು (ಬಿದ್ದರೆ ಮೆತ್ತಗೆ ಬೀಳಲಿ ಎಂದು) ಮೊದಲು ಬೆಲ್ಟನ್ನು ಎಳೆದು ನೋಡಿದಳು, ಆಮೇಲೆ ಎರಡೂ ಕೈ ಬಿಟ್ಟಳು.

ಈ ಭಾನುವಾರ ವಂದನೆಯ ನಂತರ ಅವಳ ಹಾಡು ಇದೆ. ಗಿಟಾರ್, ಡೋಲಕ್ ತರುವವರು ಮನೆಯಲ್ಲೇ ಒಮ್ಮೆ ಬೆಲ್ಟ್ ಎಳೆದು ನೋಡಿಕೊಂಡು ಬನ್ನಿ.

ಭವತು ಸಬ್ಬ ಮಂಗಲಂ 🙏